ನೇತ್ರಾಣಿಗೆ ಹೊರಟ ನೆರೆಧೀರ

ರೋಣದ ಬಜಾರಿನಲ್ಲಿ ಅಂದಾನಪ್ಪನ ಭಾಂಡೆ ಅಂಗಡಿಗೆ ಹೋದವರು ತಂಬಿಗೆ ಕೊಳ್ಳದೆ ಬರಬಹುದು, ಆದರೆ ಗೋಡೆಯ ಮೇಲಿನ ಫೋಟೋ ನೋಡದೆ ಬರುವಂತಿಲ್ಲ. ಗಿರಾಕಿ ಕೊಡ ಕೇಳಿದರೂ ಅಷ್ಟೇ, ಚಮಚ ಕೇಳಿದರೂ ಅಷ್ಟೇ, ಅಂದಾನಪ್ಪ ಅದನ್ನು ತೆಗೆದುಕೊಡುವಾಗ ಸರಿಯಾಗಿ ಆ ಫೋಟೋದ ಕೆಳಗೆ ಬಂದು ನಿಲ್ಲುತ್ತಾನೆ. ಆಳೆತ್ತರದ ಫೋಟೋ. ಕೆಂಪು ನೀರು, ಆ ನೀರಿನಿಂದ ದಂಡೆಗೆ ಏರುತ್ತಿರುವ ಒಂದು ಎಮ್ಮೆ, ಅದರ ಹಣೆಯ ಮೇಲೆ ಬಿಳಿ ಚುಕ್ಕೆ. ಎಮ್ಮೆಯ ಹಿಂದೆ, ಬಾಲ ಹಿಡಿದುಕೊಂಡು, ಬಾಯಿ ತೆರೆದುಕೊಂಡು, ಅಂದಾನಪ್ಪ. ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಮಡಚಿಟ್ಟ ಶಾಲು. ಅದರ ಕೆಳಗೆ ಹಿತ್ತಾಳೆ ತಗಡಿನ ಮೇಲೆ ‘ನೆರೆಧೀರ’ ಎಂದು ಕೊರೆಸಿದ ಬಿರುದು. ಆ ತಗಡೂ ಅವನ ಅಂಗಡಿಯದೇ.

ಮಲಪ್ರಭೆಗೆ ದೊಡ್ಡ ನೆರೆ ಬಂದ ವರ್ಷ ಹೊಳೆಮಣ್ಣೂರಿನಲ್ಲಿ ಮುಳುಗುತ್ತಿದ್ದ ಎಮ್ಮೆಯೊಂದನ್ನು ಅಂದಾನಪ್ಪ ನೀರಿಗೆ ಹಾರಿ, ಹಿಂದಿನಿಂದ ತಳ್ಳಿಕೊಂಡು ದಂಡೆಗೆ ತಂದ ಎನ್ನುವುದು ರೋಣದಲ್ಲಿ ಎಲ್ಲರಿಗೂ ಗೊತ್ತು. ಫೋಟೋ ತೆಗೆದ ಪತ್ರಿಕೆಯವನು ಹಾಗೆ ಬರೆದ, ಊರು ಹಾಗೆ ಓದಿತು. ರೋಣ ಎರೆಭೂಮಿಯ ಊರು. ಇಲ್ಲಿಯ ಬಜಾರಿನವರಿಗೆ ನೀರೆಂದರೆ ನಳದ್ದು, ಟ್ಯಾಂಕರಿನದು, ಬಹಳವಾದರೆ ಯಾರದೋ ಹೊಲದ ಕೃಷಿಹೊಂಡದ್ದು. ಎಮ್ಮೆ ಮುಂದಿದ್ದು ಮನುಷ್ಯ ಹಿಂದಿದ್ದರೆ ಅವನು ಎಮ್ಮೆ ಹೊಡೆದುಕೊಂಡು ಬರುತ್ತಿದ್ದಾನೆ ಎಂದೇ ಅವರ ಲೆಕ್ಕ, ಹೊಲದ ದಾರಿಯಲ್ಲಿ ಹಾಗೇ ಅಲ್ಲವೆ? ಹೊಳೆಸಾಲಿನ ಯಾವ ಮುದುಕಿಯನ್ನು ಕೇಳಿದ್ದರೂ ವಿಷಯ ಬೇರೆಯಾಗುತ್ತಿತ್ತು. ಈಜು ಬಾರದವರು ಹೊಳೆ ದಾಟುವುದೇ ಹೀಗೆ, ಅಲ್ಲಿ ಎಮ್ಮೆಯ ಬಾಲವೇ ದೋಣಿ ಎಂದು ಹೇಳುತ್ತಿದ್ದಳು. ಆದರೆ ಹೊಳೆಸಾಲಿನವರನ್ನು ಕೇಳುವ ಪದ್ಧತಿ ಬಜಾರಿನಲ್ಲಿಲ್ಲ.

ಅಂದಾನಪ್ಪನಿಗೆ ಈಜು ಬರುವುದಿಲ್ಲ. ಮನೆಯ ಬಚ್ಚಲಿನಲ್ಲಿ ಕೂಡ ಅವನು ನೀರಿನ ಹೌದಿನಿಂದ ಎರಡು ಮೊಳ ದೂರ ಕುಳಿತು ಚರಿಗೆಯಿಂದ ಮೈಮೇಲೆ ನೀರು ಹಾಕಿಕೊಳ್ಳುವ ಮನುಷ್ಯ. ಹಾಗಾದರೆ ನೆರೆಯಲ್ಲಿ ಅವನಿಗೇನು ಕೆಲಸ? ಪ್ರವಾಸಕ್ಕೆ ಹೋಗಿದ್ದ! ಹೌದು, ಊರುಗಳು ಮುಳುಗುತ್ತಿರುವಾಗ ಅದನ್ನು ನೋಡಿ ಬರಲು ರೋಣದಿಂದ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಹೋದ ಎಂಟು ಜನರ ಪ್ರವಾಸಕ್ಕೆ ಅಂದಾನಪ್ಪನೇ ಯೋಜಕ. ಮಿರ್ಚಿ ಭಜಿಗೆ ಹಿಟ್ಟು ಕಲಸಿಕೊಂಡು, ಗ್ಯಾಸಿನ ಒಲೆ ಕಟ್ಟಿಕೊಂಡು ಹೋಗಿದ್ದರು. ಉಳಿದವರು ಮಳೆಗೆ ಗಾಡಿಯೊಳಗೆ ಕುಳಿತು ಭಜಿ ತಿನ್ನುತ್ತಿದ್ದಾಗ ಈತ ಹಿಂದೆ ನೀರು ಕಾಣುವ ಹಾಗೆ ತನ್ನದೊಂದು ಫೋಟೋ ತೆಗೆದುಕೊಳ್ಳಲು ಹೊಲದ ಒಡ್ಡಿನ ಮೇಲೆ ನಡೆದುಹೋದ. ಒಡ್ಡು ಕುಸಿಯಿತು. ನೀರು ಇವನನ್ನು ಎತ್ತಿಕೊಂಡು ಹೋಗಿ ಒಂದು ಬಳ್ಳಾರಿ ಜಾಲಿಯ ಗಿಡಕ್ಕೆ ಸಿಕ್ಕಿಸಿತು. ಮುಳ್ಳುಗಳ ನಡುವೆ ನೇತಾಡುತ್ತ ಅಂದಾನಪ್ಪ ತನ್ನ ತಾಯಿಯನ್ನು, ತಾಯಿಯ ತಾಯಿಯನ್ನು, ಮನೆದೇವರನ್ನು ಕರೆದು ಅತ್ತ. ಆ ಹೊತ್ತಿಗೆ ಹೊಳೆಮಣ್ಣೂರಿನ ಶಂಕ್ರವ್ವ ತನ್ನ ಎಮ್ಮೆ ಚಂದ್ರಿಯನ್ನು ಎತ್ತರದ ಜಾಗಕ್ಕೆ ಸಾಗಿಸುತ್ತ ಆ ನೀರಿನಲ್ಲಿ ಬರುತ್ತಿದ್ದಳು. ಗಿಡದಿಂದ ಅಳುವ ಸದ್ದು ಕೇಳಿ ಎಮ್ಮೆಯನ್ನು ತಿರುಗಿಸಿದಳು. ತಾನು ಹಿಡಿದಿದ್ದ ಬಾಲವನ್ನು ಅವನ ಕೈಗೆ ಕೊಟ್ಟಳು, ತಾನು ಕೊರಳಹಗ್ಗ ಹಿಡಿದು ಪಕ್ಕದಲ್ಲಿ ಈಜಿದಳು. ದಂಡೆ ಬರುತ್ತಲೇ ಹಗ್ಗ ಬಿಟ್ಟು, ಮೊದಲೇ ಸಾಗಿಸಿದ್ದ ಕರುವನ್ನು ನೋಡಲು ಓಡಿದಳು. ಫೋಟೋದವನು ಬಟನ್ ಒತ್ತಿದ್ದು ಆಮೇಲೆ.

ಮೊದಮೊದಲು ಅಂದಾನಪ್ಪ ಏನೂ ಸುಳ್ಳು ಹೇಳಲಿಲ್ಲ, ಪತ್ರಿಕೆ ಹೇಳಿದ್ದನ್ನು ಇಲ್ಲ ಅನ್ನಲಿಲ್ಲ ಅಷ್ಟೇ. ಆಮೇಲೆ ಕಲ್ಯಾಣ ಮಂಟಪದಲ್ಲಿ ಸಾವಿರ ಜನರೆದುರು ಸನ್ಮಾನವಾಯಿತು. ಮೈಕು ಕೈಗೆ ಬಂದಾಗ ಮಾತು ತಾನೇ ಬೆಳೆಯಿತು. “ದಂಡಿ ಮ್ಯಾಲ ಆ ಹೆಣ್ಮಗಳು ಎದಿ ಬಡಕೊಂಡು ಅಳಾಕತ್ತಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ, ಜಿಗದೆ” ಎಂದ. ಚಪ್ಪಾಳೆ ಬಿತ್ತು. ಹೊಳೆಮಣ್ಣೂರಿನಿಂದ ಕರೆಸಿ ಕೊನೆಯ ಸಾಲಿನಲ್ಲಿ ಕೂರಿಸಿದ್ದ ಶಂಕ್ರವ್ವನಿಗೆ ಒಂದು ಕುಪ್ಪಸದ ಕಣ ಕೊಟ್ಟು ಕಳಿಸಿದರು.

ಅಂದಿನಿಂದ ತಾಲೂಕಿನ ಸಾಲಿಗಳಲ್ಲಿ ಮಕ್ಕಳಿಗೆ ಈಜಿನ ಮಹತ್ವ ಹೇಳಲು ಅಂದಾನಪ್ಪನನ್ನೇ ಕರೆಯುತ್ತಾರೆ. ಅವನು ಹೋಗುತ್ತಾನೆ, ಹೇಳುತ್ತಾನೆ, ಹಾರ ಹಾಕಿಸಿಕೊಂಡು ಬರುತ್ತಾನೆ.

ಹೀಗೆಲ್ಲ ಹೇಳಿದೆನೆಂದು ಅವನನ್ನು ಬರೀ ಬೊಗಳೆಯವನು ಎಂದುಕೊಳ್ಳಬೇಡಿ. ಪ್ರವಾಸದ ಯೋಜನೆಯಲ್ಲಿ ಅವನನ್ನು ಸರಿಗಟ್ಟುವವರು ಮೂರು ಊರಿನಲ್ಲಿಲ್ಲ. ಬೆಳಿಗ್ಗೆ ಕೂಡಿ ನಡೆಯಲು ಹೋಗುವ ಹನ್ನೆರಡು ವ್ಯಾಪಾರಿಗಳ ಬಳಗಕ್ಕೆ ಅವನು ಹನ್ನೊಂದು ಪ್ರವಾಸ ಮಾಡಿಸಿದ್ದಾನೆ. ವೇಳಾಪಟ್ಟಿ ಅಚ್ಚು ಹಾಕಿಸಿ ಹಂಚುತ್ತಾನೆ. ಅದರಲ್ಲಿ ‘5.10ಕ್ಕೆ ಮುಖ ತೊಳೆಯುವುದು, 5.25ಕ್ಕೆ ಚಹಾ, 5.40ಕ್ಕೆ ಪರ್ವತ ನೋಡಿ ಆನಂದಪಡುವುದು’ ಎಂದು ಇರುತ್ತದೆ, ಮಂದಿ ಆ ಹೊತ್ತಿಗೆ ಆನಂದಪಡುತ್ತಾರೆ. ಖಡಕ್ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು, ಯಾರಿಗೆ ವಾಂತಿಗೆಂದು ಕಿಟಕಿಯ ಪಕ್ಕ, ಎಲ್ಲವೂ ಅವನಿಗೆ ಬಾಯಿಪಾಠ. ಇನ್ನೊಂದು ಅಭ್ಯಾಸವೂ ಇದೆ. ಪ್ರವಾಸದ ಫೋನನ್ನು ಅವನು ಎಂದೂ ಕಿವಿಗೆ ಹಚ್ಚುವುದಿಲ್ಲ. ಸ್ಪೀಕರಿಗೆ ಹಾಕಿ, ಒಂದು ಸ್ಟೀಲ್ ಡಬರಿಯ ಒಳಗೆ ನಿಲ್ಲಿಸುತ್ತಾನೆ. ಡಬರಿಯಿಂದ ಸದ್ದು ದುಪ್ಪಟ್ಟಾಗಿ ಎದುರಿನ ಕಿರಾಣಿ ಅಂಗಡಿಯವರೆಗೂ ಕೇಳುತ್ತದೆ.

ಈ ಸಲದ ಉಪದ್ರವ ಶುರುವಾದದ್ದು ಗಜೇಂದ್ರಗಡದಿಂದ. ಅಲ್ಲಿಯ ವ್ಯಾಪಾರಿಗಳ ಬಳಗವೊಂದು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಮುಖಕ್ಕೆ ಗಾಜು ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಸಮುದ್ರದಲ್ಲಿ ಮಕಾಡೆ ತೇಲಿದ ಫೋಟೋಗಳನ್ನು ವಾಟ್ಸಾಪಿನಲ್ಲಿ ಹಾಕಿತು. ನರಗುಂದದವರೆಗೆ ಸುದ್ದಿಯಾಯಿತು. ಮೆಡಿಕಲ್ ಅಂಗಡಿಯ ಶಶಿಕಾಂತ, ಅಂದಾನಪ್ಪನ ಸಾಲಿಯಿಂದಲೂ ಗೆಳೆಯ, ಆ ಫೋಟೋ ಹಿಡಿದುಕೊಂಡು ಭಾಂಡೆ ಅಂಗಡಿಗೆ ಬಂದ. ಅವನ ಹೊಟ್ಟೆಯುರಿ ಮುಖದ ಮೇಲೇ ಕಾಣುತ್ತಿತ್ತು.

“ನೋಡಿಲ್ಲೆ. ಗುಡ್ಡದ ಬುಡಕ ಹುಟ್ಟಿದ ಮಂದಿ ಇವರು, ಇವರೂ ಸಮುದ್ರದಾಗ ತೇಲಾಕತ್ತಾರ. ನಮ್ಮ ಹಂತೇಕ ನೆರೆಧೀರ ಅದಾನ. ನಾವು ಹೋಗದಿದ್ರ ಮುಖ ಎಲ್ಲಿ ಇಟಗೊಳ್ಳೂದು?”

ಅಂದಾನಪ್ಪ ಗೋಡೆಯ ಫೋಟೋದ ಕೆಳಗಿನಿಂದ ಪಕ್ಕಕ್ಕೆ ಸರಿದ. ಆದರೂ ಬಾಯಿ ತನ್ನ ಅಭ್ಯಾಸದಂತೆ, “ಹೋಗೂಣಂತ, ಪ್ಲ್ಯಾನ್ ಮಾಡತೇನಿ” ಎಂದಿತು.

ಆ ದಿನದಿಂದ ಅಂದಾನಪ್ಪ ತನ್ನ ಜಾಣತನವನ್ನೆಲ್ಲ ಉಲ್ಟಾ ಓಡಿಸಿದ. ಪ್ರವಾಸ ಹೊರಡಿಸುವುದರಲ್ಲಿ ನಿಸ್ಸೀಮನಾದವನು ಪ್ರವಾಸ ನಿಲ್ಲಿಸುವುದರಲ್ಲಿ ಎಳೆ ಮಗುವಾಗಿದ್ದ. ಪಂಚಾಂಗ ತೆಗೆದು ಅಮಾವಾಸ್ಯೆ ತೋರಿಸಿದ. ಶಶಿಕಾಂತ ಹತ್ತು ದಿನ ಮುಂದಕ್ಕೆ ಹಾಕಿದ. ಸಮುದ್ರದ ಗಾಳಿಗೆ ಸಕ್ಕರೆ ಕಾಯಿಲೆಯವರಿಗೆ ತಲೆಸುತ್ತು ಬರುತ್ತದೆ ಎಂದ. ಗುಳಿಗೆ ತಾನು ತರುತ್ತೇನೆ, ಅಂಗಡಿ ನನ್ನದೇ ಎಂದ ಶಶಿಕಾಂತ. ಕೊನೆಗೆ ಬಳಗದವರನ್ನು ಅಂಗಡಿಗೆ ಕರೆಸಿ, ದೋಣಿ ಬಿಡುವ ಕಂಪನಿಗೆ ಫೋನ್ ಹಚ್ಚಿ, ಡಬರಿಯಲ್ಲಿ ನಿಲ್ಲಿಸಿ, ಅವರ ಬಾಯಿಂದಲೇ ಏನಾದರೂ ವಿಘ್ನ ಹೊರಡಿಸಲು ನೋಡಿದ.

“ದ್ವೀಪದಾಗ ಇಳದು ಒಲಿ ಹಚ್ಚಾಕ ಜಾಗಾ ಐತೇನ್ರಿ? ಭಜಿ ಮಾಡ್ಕೋಬೇಕು.”

ಆ ಕಡೆಯ ಕರಾವಳಿ ಮನುಷ್ಯ “ಒಲೆಯಾ?” ಎಂದು ಎರಡು ಸಲ ಕೇಳಿದ. “ಅಲ್ಲಿ ಇಳಿಯಲಿಕ್ಕೇ ಇಲ್ಲ ಮಾರಾಯ್ರೆ. ಸುತ್ತ ಕಡಿದಾದ ಬಂಡೆ. ಮೇಲೆ ಕಾಡು, ಆಡು. ದೋಣಿಯಿಂದ ಸೀದಾ ನೀರಿಗೇ ಇಳಿಯೋದು.”

“ಕೇಳಿದ್ರೇನ?” ಅಂದಾನಪ್ಪ ಬಳಗದ ಕಡೆಗೆ ಗೆಲುವಿನಿಂದ ತಿರುಗಿದ. “ನಿಂದರಾಕ ನೆಲಾನ ಇಲ್ಲ. ಭಜಿ ಇಲ್ಲದ ಪ್ರವಾಸ ಏನ್ ಪ್ರವಾಸ?”

“ಭಜಿ ದಂಡಿ ಮ್ಯಾಲ ಮಾಡೂಣು. ನಾವು ಬಂಡೆಗಲ್ಲು ನೋಡಾಕ ಹೊಂಟಿಲ್ಲ. ನೀ ಜಿಗಿಯೂದನ್ನ ನೋಡಾಕ ಹೊಂಟೇವಿ” ಎಂದ ಶಶಿಕಾಂತ. ಎಲ್ಲರೂ ಹೌದು ಹೌದು ಎಂದರು.

ಎರಡು ದಿನಕ್ಕೆ ಕಂಪನಿಯ ಅರ್ಜಿ ನಮೂನೆ ಬಂತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹೆಸರು, ವಯಸ್ಸು, ಕಾಯಿಲೆ, ತುರ್ತಿಗೆ ಯಾರನ್ನು ಕರೆಯಬೇಕು. ನಡುವೆ ಒಂದು ಸಾಲು: ‘ಈಜು ಬರುತ್ತದೆಯೇ?’ ಈಜು ಬಾರದವರೂ ನೀರಿಗೆ ಇಳಿಯಬಹುದು, ಎಲ್ಲರಿಗೂ ತೇಲುವ ಜಾಕೀಟು ಕಡ್ಡಾಯ ಎಂದು ಕೆಳಗೆ ಬರೆದಿತ್ತು. ಅದನ್ನು ಓದಿ ಅಂದಾನಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಗೆಳೆಯರ ಪ್ರೀತಿ ದೊಡ್ಡದು. “ನಮಗ ಜಾಕೀಟು ಸರಿ. ನೆರೆಧೀರಗ ಜಾಕೀಟು ಹಾಕಿದ್ರ ಊರ ಮರ್ಯಾದಿ ಏನಾತು? ನಾ ಅವರ ಜೋಡಿ ಮಾತಾಡತೇನಿ, ನಿನಗೊಬ್ಬಗ ಬಿಡಸತೇನಿ” ಎಂದು ಶಶಿಕಾಂತ ಭರವಸೆ ಕೊಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಗಾಜು, ಕೊಳವೆ, ಕಾಲಿಗೆ ಹಾಕುವ ರಬ್ಬರಿನ ಕಪ್ಪೆಪಾದ, ಎಲ್ಲ ಹನ್ನೆರಡು ಜೊತೆ ತರಿಸಿ, “ಈ ಐತವಾರ ಹೊಳೆಮಣ್ಣೂರಾಗ ತಾಲೀಮು. ನೀನ ನಮಗ ಕಲಸಬೇಕು. ನೀ ಎಲ್ಲಿ ಜಿಗದಿದ್ದಿ ಅಲ್ಲೇ” ಎಂದ.

ಕೊಳವೆಯನ್ನು ಮನೆಗೆ ತಂದು ಅಂದಾನಪ್ಪ ತಿರುಗಿಸಿ ಮುರುಗಿಸಿ ನೋಡಿದ. ಮೂವತ್ತು ವರ್ಷ ಒಲೆಯ ಊದುಗೊಳವೆ ಮಾರಿದವನು ಅವನು, ಇದು ಅದನ್ನೇ ಬಗ್ಗಿಸಿ ಬಣ್ಣ ಹಚ್ಚಿದ ಹಾಗಿತ್ತು. ಹಿತ್ತಲಿನಲ್ಲಿ ತಾಮ್ರದ ದೊಡ್ಡ ಹಂಡೆಗೆ ನೀರು ತುಂಬಿಸಿ, ಗಾಜು ಕಟ್ಟಿ, ಕೊಳವೆ ಕಚ್ಚಿ, ಮುಖ ಮುಳುಗಿಸಿದ. ಎರಡನೆಯ ಉಸಿರಿಗೇ ನೀರು ಗಂಟಲಿಗೆ ಹೋಗಿ ಕೆಮ್ಮುತ್ತ ಮೇಲೆ ಬಂದಾಗ ಹೆಂಡತಿ ಅನ್ನಪೂರ್ಣಾ ರೊಟ್ಟಿಹಿಟ್ಟಿನ ಕೈಯಲ್ಲಿ ನಿಂತಿದ್ದಳು.

“ಹಂಡೇದಾಗ ಮುಳಗಿದ್ರ ಸನ್ಮಾನ ಮಾಡಂಗಿಲ್ರಿ” ಎಂದಳು. ಆಮೇಲೆ ದನಿ ಇಳಿಸಿ, “ಹೇಳಿಬಿಡ್ರಿ. ಬರಂಗಿಲ್ಲ ಅಂತ ಹೇಳಿದ್ರ ಯಾರೂ ತಿನ್ನಂಗಿಲ್ಲ” ಎಂದಳು.

“ತಿಂತಾರ. ನಿನಗ ಗೊತ್ತಿಲ್ಲ. ಆ ಶಾಲ ಹೊಚ್ಚಿದವರ ತಿಂತಾರ.”

ಅವನು ಹೇಳಿದ್ದು ಖರೆಯೇ. ಆದರೆ ಅವನ ಹೆದರಿಕೆ ಮಂದಿಯದು ಮಾತ್ರವಲ್ಲ. ಆ ಫೋಟೋದ ಕೆಳಗೆ ನಿಂತು ಇಷ್ಟು ವರ್ಷ ಕೊಡ, ತಂಬಿಗೆ ಮಾರಿದ ಮೇಲೆ ಫೋಟೋ ಇಲ್ಲದ ಅಂದಾನಪ್ಪ ಹೇಗಿರುತ್ತಾನೆಂದು ಅವನಿಗೇ ಮರೆತುಹೋಗಿತ್ತು.

ಶನಿವಾರ ಮಧ್ಯಾಹ್ನ ಒಂದು ಹೊಸ ಸ್ಟೀಲ್ ಕೊಡ ತೆಗೆದುಕೊಂಡು, ಮೆಹಬೂಬಸುಭಾನಿಯ ಕ್ರೂಸರ್ ಹತ್ತಿ ಅವನು ಹೊಳೆಮಣ್ಣೂರಿಗೆ ಹೋದ. ಬಳಗದ ಎಲ್ಲ ಪ್ರವಾಸಕ್ಕೂ ಮೆಹಬೂಬಸುಭಾನಿಯೇ ಡ್ರೈವರ್, ನೆರೆಯ ದಿನವೂ ಅವನೇ. ಎಮ್ಮೆಯ ಕಥೆ ಯಾರಾದರೂ ತೆಗೆದಾಗ ಈ ಮನುಷ್ಯ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಗಾಡಿಯ ಟೈರು ನೋಡಲು ಹೋಗುತ್ತಾನೆ. ಯಾಕೆಂದು ಅಂದಾನಪ್ಪ ಎಂದೂ ಕೇಳಿಲ್ಲ.

ಶಂಕ್ರವ್ವ ಹಿತ್ತಲಲ್ಲಿ ಚಂದ್ರಿಗೆ ಮೇವು ಹಾಕುತ್ತಿದ್ದಳು. ಐವತ್ತೈದು ದಾಟಿದ ಹೆಂಗಸು, ಗಟ್ಟಿ ಕೈ. ಎಮ್ಮೆ ಈಗ ಮುದಿಯಾಗಿತ್ತು, ಹಣೆಯ ಚುಕ್ಕೆ ಮಾತ್ರ ಹಾಗೇ ಇತ್ತು. ಅಂದಾನಪ್ಪ ಕೊಡ ಮುಂದಿಟ್ಟು, ನಾಳೆ ಬಳಗದವರು ಬರುತ್ತಾರೆ, ಏನಾದರೂ ಕೇಳಿದರೆ ಸುಮ್ಮನಿರು ತಾಯಿ ಎಂದು ಸುತ್ತಿ ಬಳಸಿ ಹೇಳಿದ.

“ನಾ ಯಾವಾಗ ಹೇಳೀನ್ರಿ ಸಾವ್ಕಾರ್ರ? ಎಮ್ಮಿ ಉಳದೈತಿ, ನೀವೂ ಉಳದೀರಿ. ಶಾಲ ಹೊಚಗೊಂಡ್ರ ಹೊಚಗೋರಿ, ನನಗೇನು ಚಳಿ ಹತ್ತಿಲ್ಲ.” ಕೊಡವನ್ನು ಅವಳು ಮುಟ್ಟಲಿಲ್ಲ. “ಆದ್ರ ಒಂದು ಮಾತು. ಅವತ್ತ ಮೈಕಿನಾಗ ನಾ ಎದಿ ಬಡಕೊಂಡು ಅಳಾಕತ್ತಿದ್ದೆ ಅಂದ್ರಿ. ಮನಿ ಹೋತು, ಕಾಳು ಹೋತು, ಆ ನೀರಾಗ ನಾ ಅತ್ತಿದ್ದಿಲ್ರಿ. ಮೂರು ನೆರೆ ನೋಡೀನಿ, ಒಂದರಾಗೂ ಅತ್ತಿಲ್ಲ. ಅತ್ತಾವ್ರು ನೀವು. ಅದೊಂದು ಮಾತು ತೆಗೀರಿ, ಉಳದದ್ದೆಲ್ಲ ನಿಮದ ಇರಲಿ.”

ಇಷ್ಟು ಸಣ್ಣ ಬೇಡಿಕೆಯೇ ಎಂದು ಅಂದಾನಪ್ಪನಿಗೆ ಹಗುರವೆನಿಸಿತು. “ನಾಳೆನ ಹೇಳತೇನಿ ತಾಯಿ, ಎಲ್ಲರ ಮುಂದ ಹೇಳತೇನಿ” ಎಂದು ಎದೆ ಮುಟ್ಟಿಕೊಂಡು ಮಾತು ಕೊಟ್ಟ.

ಐತವಾರ ಹೊಳೆಯ ದಂಡೆಯಲ್ಲಿ ಹೊಳೆಮಣ್ಣೂರಿನ ಅರ್ಧ ಊರು ನೆರೆದಿತ್ತು. ನೆರೆಯದಿರಲು ಹೇಗೆ ಸಾಧ್ಯ? ರೋಣದ ಹನ್ನೆರಡು ಜನ ಪ್ರತಿಷ್ಠಿತರು ಬರ್ಮುಡಾ ಚಡ್ಡಿಯಲ್ಲಿ, ಮೂಗಿಗೆ ಗಾಜು ಕಟ್ಟಿಕೊಂಡು, ಕಪ್ಪೆಪಾದಗಳಲ್ಲಿ ಎಡವುತ್ತ, ಹೊಟ್ಟೆ ಮುಂದೆ ಮಾಡಿಕೊಂಡು ಹೊಳೆಗೆ ಬರುತ್ತಿದ್ದರು. ಬಟ್ಟೆ ಒಗೆಯುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶಂಕ್ರವ್ವ ಸ್ವಲ್ಪ ಕೆಳಗೆ ಚಂದ್ರಿಯ ಮೈ ತೊಳೆಯುತ್ತಿದ್ದಳು.

ಶಶಿಕಾಂತನಿಗೆ ಜನ ಕಂಡರೆ ಭಾಷಣ ತಾನೇ ಬರುತ್ತದೆ. ಕೊಳವೆಯನ್ನು ಹಣೆಗೆ ಸರಿಸಿ ಶುರುಮಾಡಿದ. “ಇದ ಜಾಗಾ! ಇಲ್ಲೇ ನಮ್ಮ ಅಂದಾನಪ್ಪ ಜಿಗದಿದ್ದು. ಈ ತಾಯಿ ಇಲ್ಲೇ ನಿಂತು ಎದಿ ಬಡಕೊಂಡು ಅಳಾಕತ್ತಿದ್ಲು. ಹೌದಲ್ಲೋ ಅಂದಾನಪ್ಪ?”

ಶಂಕ್ರವ್ವ ಎಮ್ಮೆಯ ಬೆನ್ನ ಮೇಲಿನ ಕೈ ನಿಲ್ಲಿಸಿ ಅಂದಾನಪ್ಪನ ಮುಖ ನೋಡಿದಳು. ಅವನು ಬಾಯಿ ತೆರೆದ. ಎಲ್ಲರೂ ನೋಡುತ್ತಿದ್ದರು. ಇಬ್ಬರು ಮೊಬೈಲ್ ಎತ್ತಿ ಹಿಡಿದಿದ್ದರು. ಹಿಂದಿನ ದಿನ ಎದೆ ಮುಟ್ಟಿಕೊಂಡ ಅದೇ ಮನುಷ್ಯ ಈಗ, “ಹೌದು. ಪಾಪ, ಭಾಳ ಅತ್ಲು” ಎಂದ. ನಾಲಿಗೆಗೆ ಅಭ್ಯಾಸವಾದ ದಾರಿ ಅದೊಂದೇ. ಶಂಕ್ರವ್ವ ಮುಖ ತಿರುಗಿಸಿ ಮತ್ತೆ ಎಮ್ಮೆ ತೊಳೆಯತೊಡಗಿದಳು.

ಅಂದಾನಪ್ಪ ಮೊಣಕಾಲು ನೀರಿನಲ್ಲೇ ನಿಂತು ಪಾಠ ಮುಗಿಸುವ ಯೋಜನೆ ಮಾಡಿಕೊಂಡಿದ್ದ. ಕೈ ಹೀಗೆ, ಕಾಲು ಹಾಗೆ ಎಂದು ತೋರಿಸುತ್ತ ಒಂದು ಹೆಜ್ಜೆ ಹಿಂದೆ ಇಟ್ಟ. ಕಪ್ಪೆಪಾದ ಪಾಚಿಗಲ್ಲಿನ ಮೇಲೆ ಜಾರಿತು, ಹಿಂದೆ ಮಡುವಿತ್ತು. ನೆರೆಧೀರ ಮುಳುಗಿದ. ಎದ್ದ, ಮತ್ತೆ ಮುಳುಗಿದ. ಗಾಜಿನೊಳಗೆ ನೀರು ತುಂಬಿ ಕಣ್ಣು ಕಾಣಲಿಲ್ಲ, ಬಾಯಲ್ಲಿದ್ದ ಕೊಳವೆಯಿಂದ “ಯವ್ವಾ” ಎಂಬ ಕೂಗು ಹಾಳು ಪೀಪಿಯ ಹಾಗೆ ಹೊರಟಿತು. ಬಳಗದವರು ಚಪ್ಪಾಳೆ ತಟ್ಟಿದರು. ಒಬ್ಬ, “ನೋಡ್ರಿ, ಮುಳಗಾವ್ರು ಹ್ಯಾಂಗ ಮಾಡ್ತಾರ ಅಂತ ತೋರಸಾಕತ್ತಾನ” ಎಂದ.

ಮೂರನೆಯ ಸಲ ಮೇಲೆ ಬಂದಾಗ ಅವನ ಮುಖಕ್ಕೆ ಒದ್ದೆ ಕೂದಲಿನ ಕುಚ್ಚೊಂದು ತಾಗಿತು. ಪಕ್ಕದಲ್ಲಿ ಶಂಕ್ರವ್ವನ ದನಿ, ಮೆಲ್ಲಗೆ, ಅವನೊಬ್ಬನಿಗೇ ಕೇಳುವಷ್ಟು: “ಹಿಡಕೋರಿ. ಹೋದ ಸಲದಂಗ.” ಅವನು ಎರಡೂ ಕೈಯಿಂದ ಹಿಡಿದುಕೊಂಡ. ಶಂಕ್ರವ್ವ ಕೊರಳಹಗ್ಗ ಜಗ್ಗಿ ಚಂದ್ರಿಯನ್ನು ತಿರುಗಿಸಿದಳು. ಮುದಿ ಎಮ್ಮೆ ಉಸ್ಸೆನ್ನುತ್ತ ದಂಡೆಗೆ ಏರಿತು.

ಮುಂದೆ ಎಮ್ಮೆ, ಹಿಂದೆ ಬಾಲ ಹಿಡಿದ ಅಂದಾನಪ್ಪ. ಅದೇ ಫೋಟೋ, ಕಣ್ಣೆದುರಿಗೆ! ಮಡುವಿನಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದುದನ್ನು ನೋಡಿಯೂ ಬಜಾರಿನ ಕಣ್ಣಿಗೆ ಕಂಡದ್ದು ಇಷ್ಟೇ. “ಮತ್ತ ತಂದ ನೋಡ್ರಿ ಎಮ್ಮೀನ!” ಎಂದು ಶಶಿಕಾಂತ ಕುಣಿದ. “ಈ ವಯಸ್ಸಿನ್ಯಾಗ! ಕೊಳವಿ ಕಚಗೊಂಡು!” ಆಮೇಲೆ ಶಂಕ್ರವ್ವನ ಕಡೆ ತಿರುಗಿ ಉದಾರವಾಗಿ ನಕ್ಕ. “ಈ ಸಲ ಅಳಲಿಲ್ಲ ನೋಡ್ರಿ ತಾಯಿ. ಧೈರ್ಯ ಬಂದೈತಿ.”

ಹೊಳೆಮಣ್ಣೂರಿನ ಹೆಂಗಸರು ಈಗ ಸೆರಗು ಬಾಯಿಗೆ ಒತ್ತಿಕೊಳ್ಳಲೂ ಇಲ್ಲ, ಬಾಯಿ ಬಿಟ್ಟೇ ನಕ್ಕರು. ಅದನ್ನೂ ಬಳಗದವರು ಮೆಚ್ಚುಗೆ ಎಂದುಕೊಂಡರು. ಶಂಕ್ರವ್ವ ನಗಲಿಲ್ಲ. ಎಮ್ಮೆ ಹೊಡೆದುಕೊಂಡು ಮನೆಗೆ ಹೋಗಿ, ಹಿಂದಿನ ದಿನದ ಸ್ಟೀಲ್ ಕೊಡವನ್ನು ತಂದು ಮೆಹಬೂಬಸುಭಾನಿಯ ಗಾಡಿಯಲ್ಲಿ, ಅಂದಾನಪ್ಪ ಕೂರುವ ಜಾಗದಲ್ಲಿ ಇಟ್ಟು ಹೋದಳು. ರೋಣದವರೆಗೆ ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ.

ಸೋಮವಾರ ಅರ್ಜಿ ಕಳಿಸಬೇಕಿತ್ತು. ಹನ್ನೊಂದು ಹಾಳೆ ತುಂಬಿ ಆದಮೇಲೆ ತನ್ನ ಹಾಳೆ ತೆಗೆದ. ‘ಈಜು ಬರುತ್ತದೆಯೇ?’ ಎಂಬಲ್ಲಿ ಪೆನ್ನು ನಿಂತಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ಸುಳ್ಳು ಮಾಹಿತಿ ಕೊಟ್ಟರೆ ಆಗುವ ಅನಾಹುತಕ್ಕೆ ನೀವೇ ಹೊಣೆ ಎಂದು ಇತ್ತು. ಗಂಟಲಿನಲ್ಲಿ ಇನ್ನೂ ಮಡುವಿನ ನೀರಿನ ರುಚಿ ಇತ್ತು. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಜೀವದ ಮೇಲಿನ ಪ್ರೀತಿಯಿಂದ ಅಂದಾನಪ್ಪ ‘ಬರುವುದಿಲ್ಲ’ ಎಂದು ಬರೆದ. ಬರೆದ ಮೇಲೆ ವಿಚಿತ್ರವಾಯಿತು. ಒಂದು ಸಾಲು ಖರೆ ಬರೆದ ಕೈ ನಿಲ್ಲಲೇ ಇಲ್ಲ. ಎಷ್ಟಾದರೂ ಸಮುದ್ರದಂಡೆಯಲ್ಲಿ ಯಾರೋ ಓದುವ ಹಾಳೆ, ರೋಣದಲ್ಲಿ ಯಾರು ನೋಡುತ್ತಾರೆ? ತುಂಬಿ, ಫೋಟೋ ತೆಗೆದು ಕಳಿಸಿಬಿಟ್ಟ. ಅಂಗಡಿಯಲ್ಲಿ ಕುಳಿತೇ ಖರೆ ಹೇಳಿದ ಹಾಗೂ ಆಯಿತು, ಯಾರಿಗೂ ಗೊತ್ತಾಗದ ಹಾಗೂ ಆಯಿತು ಎಂದು ಒಂದು ಚಹಾ ತರಿಸಿ ಕುಡಿದ.

ಮಂಗಳವಾರ ಸಂಜೆ ಶಶಿಕಾಂತ ಮತ್ತು ಬಳಗದ ನಾಲ್ವರು ಅಂಗಡಿಯಲ್ಲಿ ಕುಳಿತಿದ್ದರು. ಮೆಹಬೂಬಸುಭಾನಿ ಹೊರಡುವ ವೇಳೆ ಕೇಳಲು ಬಂದಿದ್ದ. ಫೋನ್ ಬಂತು. ಕರಾವಳಿಯ ನಂಬರು ನೋಡಿ ಅಂದಾನಪ್ಪನ ಕೈ ಅಭ್ಯಾಸದಂತೆ ಸ್ಪೀಕರ್ ಒತ್ತಿ, ಫೋನನ್ನು ಡಬರಿಯಲ್ಲಿ ನಿಲ್ಲಿಸಿತು.

“ಅಂದಾನಪ್ಪನವರಾ? ನಿಮ್ಮ ಹಾಳೆಯಲ್ಲಿ ಒಂದು ಕೇಳಲಿಕ್ಕೆ ಉಂಟು. ಈಜು ಬರುವುದಿಲ್ಲ ಅಂತ ಬರೆದಿದ್ದೀರಿ, ಅದು ತೊಂದರೆ ಇಲ್ಲ. ಹಿಂದೆ ನೀರಿನಲ್ಲಿ ಅಪಾಯ ಆಗಿದೆಯೇ ಅಂದದ್ದಕ್ಕೆ ಎರಡು ಸಲ ಅಂತ ಬರೆದಿದ್ದೀರಿ. ತುರ್ತಿಗೆ ಕರೆಯಬೇಕಾದವರು, ಶಂಕ್ರವ್ವ, ಹೊಳೆಮಣ್ಣೂರ. ಸಂಬಂಧ ಅನ್ನುವಲ್ಲಿ ‘ಎರಡೂ ಸಲ ನನ್ನನ್ನು ನೀರಿನಿಂದ ತೆಗೆದವರು’ ಅಂತ ಉಂಟು. ಸಂಬಂಧ ಅಂದರೆ ಹೆಂಡತಿ, ತಮ್ಮ, ಹಾಗೆ ಬರೀಬೇಕು ಮಾರಾಯ್ರೆ. ಇವರು ನಿಮಗೆ ಏನಾಗಬೇಕು?”

ಡಬರಿ ಪ್ರತಿ ಮಾತನ್ನೂ ದುಪ್ಪಟ್ಟು ಮಾಡಿ ಹೇಳಿತು. ಎದುರಿನ ಕಿರಾಣಿಯವನು ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲಿಸಿದ.

ಶಶಿಕಾಂತ ಗೆಳೆಯ. ಅವನೇ ದಾರಿ ತೋರಿಸಿದ. “ಬರಿಯೂದ್ರಾಗ ಏನೋ ಹೆಚ್ಚು ಕಡಿಮಿ ಆಗೇತಿ. ಹೌದಲ್ಲೋ? ತಪ್ಪಿ ಬರದೇನಿ ಅಂತ ಹೇಳು.”

ಹೇಳಬಹುದಿತ್ತು. ನಾಲಿಗೆ ಅದೇ ದಾರಿಗೆ ತಿರುಗಿಯೂ ಇತ್ತು. ಆದರೆ ಅಂದಾನಪ್ಪನ ಕಣ್ಣು ಎದುರಿನ ಹಲಗೆಯ ಮೇಲಿದ್ದ ಆ ಸ್ಟೀಲ್ ಕೊಡದ ಮೇಲೆ ಬಿತ್ತು. ಎರಡು ದಿನದಿಂದ ಅದನ್ನು ಮಾರಲೂ ಆಗಿರಲಿಲ್ಲ, ಒಳಗಿಡಲೂ ಆಗಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಸನ್ಮಾನದ ದಿನ ಆಗಬೇಕಿದ್ದ ನಾಚಿಕೆ ಅದು, ಇಷ್ಟು ತಡವಾಗಿ, ಬಡ್ಡಿ ಸಮೇತ ಬಂದಿತ್ತು.

“ತಪ್ಪಿಲ್ಲ,” ಎಂದ. “ನನಗ ಈಜು ಬರಂಗಿಲ್ಲ. ಫೋಟೋ ನೋಡ್ರ್ಯೋ. ಎಮ್ಮಿ ಮುಂದ ಐತಿ. ಅದು ನನ್ನ ಎಳಕೊಂಡು ಬಂದೈತಿ. ಶಂಕ್ರವ್ವ ಅತ್ತಿದ್ದಿಲ್ಲ. ಅತ್ತಾಂವ ನಾನು.”

ಐದು ಜನ ತಿರುಗಿ ಗೋಡೆ ನೋಡಿದರು. ಇಷ್ಟು ವರ್ಷ ನೋಡಿದ ಫೋಟೋವನ್ನು ಅವತ್ತು ಮೊದಲ ಸಲ ನೋಡಿದರು. ಮೆಹಬೂಬಸುಭಾನಿ ಟವೆಲು ಬಾಯಿಗೆ ಒಯ್ಯಲಿಲ್ಲ, ಹೆಗಲ ಮೇಲೇ ಬಿಟ್ಟ. “ನಾ ಅವತ್ತ ಗಾಡಿ ಮ್ಯಾಲ ಹತ್ತಿ ನೋಡೀನ್ರಿ ಅಣ್ಣಾರ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ” ಎಂದ. ಡಬರಿಯೊಳಗಿನ ಮನುಷ್ಯ, “ಹಲೋ, ಹಾಗಾದರೆ ನಾನು ಅಕ್ಕ ಅಂತ ಬರೆದುಕೊಳ್ಳಲಾ?” ಎಂದು ಕೇಳುತ್ತಲೇ ಇದ್ದ.

ಶಶಿಕಾಂತ ಎದ್ದು ಫೋಟೋದ ಹತ್ತಿರ ಹೋಗಿ ಎಮ್ಮೆಯ ಬಾಲದ ಮೇಲೆ ಬೆರಳಿಟ್ಟು ನೋಡಿದ. ಅವನು ಬೈಯುತ್ತಾನೆ, ಶಾಲು ಕಿತ್ತು ಒಗೆಯುತ್ತಾನೆ ಎಂದು ಅಂದಾನಪ್ಪ ಕಾದ. ಕೊನೆಗೆ ಆ ಗೆಳೆಯ ತಿರುಗಿ, “ಆದದ್ದು ಆತು. ಇದು ಗಜೇಂದ್ರಗಡದವರಿಗೆ ಗೊತ್ತಾಗಬಾರದು. ಫೋಟೋ ಅಲ್ಲೇ ಇರಲಿ. ಸಮುದ್ರದಾಗ ನೀ ಜಾಕೀಟು ಅಂಗಿ ಒಳಗ ಹಾಕ್ಕೊ, ಯಾರಿಗೂ ಕಾಣಂಗಿಲ್ಲ” ಎಂದ. ಉಳಿದ ನಾಲ್ವರು, ಅದೇ ಸರಿ ಎಂದರು.

ತನ್ನ ಸುಳ್ಳು ತನ್ನೊಬ್ಬನದು ಎಂದು ಅಂದಾನಪ್ಪ ಇಷ್ಟು ದಿನ ತಿಳಿದಿದ್ದ. ಅದಕ್ಕೆ ಪಾಲುದಾರರಿದ್ದಾರೆ, ಅವರಿಗೆ ಇವನಿಗಿಂತ ಅದರ ಮೇಲೆ ಪ್ರೀತಿ ಹೆಚ್ಚು ಎಂದು ಆಗ ತಿಳಿಯಿತು. ಅವನಿಗೆ ಖರೇ ಸಿಟ್ಟು ಬಂತು. ಸ್ಟೂಲು ಹತ್ತಿ ಫೋಟೋ ಇಳಿಸಿ, ಮೆಹಬೂಬಸುಭಾನಿಗೆ ಗಾಡಿ ತೆಗೆ ಎಂದ.

ಹೊಳೆಮಣ್ಣೂರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಶಂಕ್ರವ್ವ ಹಾಲು ಕರೆಯುತ್ತಿದ್ದಳು. ಅವನು ಫೋಟೋವನ್ನು ಮೇವಿನ ಗೋದಲಿಗೆ ಆನಿಸಿಟ್ಟು, ಅಂಗಡಿಯಲ್ಲಿ ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಹೇಳಿ ಮುಗಿಸಿ, ಬೆನ್ನು ತಟ್ಟುತ್ತಾರೆಂದು ಕಾಯುವವನ ಹಾಗೆ ನಿಂತ. ಅದು ಹೋಗುವ ಚಟವಲ್ಲ.

ಶಂಕ್ರವ್ವ ಕರೆಯುವುದನ್ನು ನಿಲ್ಲಿಸಲಿಲ್ಲ. “ಎಷ್ಟು ಮಂದಿ ಮುಂದ ಹೇಳಿದ್ರಿ?”

“ಐದು ಮಂದಿ ಇದ್ರು. ಡ್ರೈವರ್ ಹಿಡದು ಆರು.”

“ಸನ್ಮಾನದಾಗ ಎಷ್ಟು ಮಂದಿ ಇದ್ರು?”

ಅಂದಾನಪ್ಪ ಮೆಲ್ಲಗೆ, “ಸಾವಿರ” ಎಂದ. ಹಾಲು ಸದ್ದು ಮಾಡುತ್ತ ತಂಬಿಗೆಯಲ್ಲಿ ಬೀಳುತ್ತಿತ್ತು, ತಂಬಿಗೆ ಅವನ ಅಂಗಡಿಯದೇ ಇರಬೇಕು.

“ಉಳದಾವ್ರಿಗೆ ಯಾವತ್ತ ಹೇಳ್ತೀರಿ ಅಂತ ಒಂದು ದಿನ ಗೊತ್ತುಮಾಡ್ರಿ ಸಾವ್ಕಾರ್ರ,” ಎಂದಳು ಶಂಕ್ರವ್ವ. “ಪ್ಲ್ಯಾನ್ ಮಾಡೂದು ನಿಮಗ ಚಲೋ ಬರತೈತಿ ಅಂತ ಕೇಳೀನಿ.”